ಅಕ್ಕನಿಗೆ, ಎಡಗಾಲಿನ ಪಾಠ

ಪ್ರೀತಿಯ ಅಕ್ಕ,

ನಾವೆಲ್ಲ ಇಲ್ಲಿ ಕ್ಷೇಮ. ನೀನು, ಭಾವ, ಮಕ್ಕಳು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಮ್ಮನ ಮಂಡಿನೋವು ಈಗ ಹೇಗಿದೆ ಅಂತ ಬರಿ. ಅಪ್ಪನಿಗೆ ಈ ಕಾಗದ ಓದಿ ಹೇಳು, ಅವರ ವಿಷಯವೂ ಇದರಲ್ಲಿದೆ.

ಮೊನ್ನೆ ಫೋನಿನಲ್ಲಿ ನನಗೆ ಲೈಸೆನ್ಸ್ ಬಂತು ಅಂದಾಗ ನೀನು ಮೊದಲು ಕೇಳಿದ್ದು "ಗೇರ್ ಗಾಡಿದೇನೇ?" ಅಂತ. ಹೌದು ಅಂದೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು "ಈ ವಯಸ್ಸಲ್ಲಿ ನಂಗೂ ಬರುತ್ತೇನೇ?" ಅಂದೆ. ಅಷ್ಟರಲ್ಲಿ ಮನೆಗೆ ಯಾರೋ ಬಂದರು, ಮಾತು ಅಲ್ಲಿಗೇ ನಿಂತಿತು. ಅಂಥ ಪ್ರಶ್ನೆಗೆ "ಓಹೋ, ಬರುತ್ತೆ" ಅಂತ ಎರಡು ಮಾತು ಹೇಳಿ ಫೋನ್ ಇಡುವುದು ನನಗೂ ಬೇಕಿರಲಿಲ್ಲ. ಅದಕ್ಕೇ ಪುರುಸೊತ್ತು ಮಾಡಿಕೊಂಡು ಬರೆಯುತ್ತಿದ್ದೇನೆ.

ಬರುತ್ತೆ ಅಕ್ಕ. ನಲವತ್ತು ದಾಟಿದವರಿಗೂ ಬರುತ್ತೆ. ಆದರೆ ಹದಿನೆಂಟರ ಹುಡುಗರಿಗೆ ಬರುವ ದಾರಿಯಲ್ಲಿ ಬರುವುದಿಲ್ಲ. ಅವರು ಮೊದಲು ಓಡಿಸುತ್ತಾರೆ, ತಿಳಿದುಕೊಳ್ಳುವುದೇನಿದ್ದರೂ ಆಮೇಲೆ. ನಮಗೆ ಹಾಗಾಗುವುದಿಲ್ಲ. ಕಾಲ ಕೆಳಗೆ ಏನು ನಡೆಯುತ್ತಿದೆ ಅಂತ ಗೊತ್ತಾಗುವವರೆಗೆ ನಮ್ಮ ಕಾಲು ಮಾತು ಕೇಳುವುದಿಲ್ಲ. ಗೊತ್ತಾದ ಮೇಲೆ ಕೇಳದೆ ಇರುವುದಿಲ್ಲ. ನನಗೆ ಕಲಿಸಿದ ಮೇಷ್ಟರು ಮೊದಲ ಪಾಠದಲ್ಲಿ ಗಾಡಿ ಸ್ಟಾರ್ಟ್ ಮಾಡುವ ಮುಂಚೆಯೇ ಎಡಗಾಲಿನಿಂದ ಒತ್ತುವ ಕ್ಲಚ್ ಎಂದರೇನು ಅಂತ ಬಿಡಿಸಿ ಹೇಳಿದರು. ಅದೇ ನನ್ನನ್ನು ದಡ ಸೇರಿಸಿದ್ದು. ಅದನ್ನೇ ನಿನಗೆ ದಾಟಿಸುತ್ತಿದ್ದೇನೆ.

ಆಟೋಮ್ಯಾಟಿಕ್ ಕಲಿತಿದ್ದರೆ ಸಾಕಿತ್ತಲ್ಲ ಅಂತ ಭಾವ ಅಂದರಂತೆ. ನಾನಿರುವ ಇಂಗ್ಲೆಂಡಿನಲ್ಲಿ ಆಟೋಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಪಾಸಾದವರು ಆಟೋಮ್ಯಾಟಿಕ್ ಮಾತ್ರ ಓಡಿಸಬಹುದು. ಗೇರ್ ಗಾಡಿಯಲ್ಲಿ ಪಾಸಾದವರಿಗೆ ಎರಡೂ ಓಡಿಸುವ ಹಕ್ಕಿದೆ. ನನಗೆ ಅಷ್ಟು ಕಾರಣ ಸಾಕಾಯಿತು. ನಿನಗಂತೂ ಆ ಯೋಚನೆಯೇ ಬೇಡ, ಮನೆ ಮುಂದೆ ನಿಂತಿರುವುದೇ ಗೇರ್ ಗಾಡಿ. ಭಾವ ಊರಲ್ಲಿಲ್ಲದ ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ, ಕೀ ನಿನ್ನ ಕೈಯಲ್ಲೇ ಇದ್ದರೂ ನೀನು ಆಟೋ ಹುಡುಕಿಕೊಂಡು ಓಡಬೇಕು. ಇದು ನನಗೆ ಎಷ್ಟೋ ವರ್ಷದಿಂದ ಸರಿ ಕಾಣುತ್ತಿಲ್ಲ. ಇಲ್ಲೂ ನಮ್ಮಲ್ಲಿಯ ಹಾಗೇ ರಸ್ತೆಯ ಎಡಗಡೆ ಓಡಿಸುತ್ತಾರೆ, ಸ್ಟೇರಿಂಗ್ ಬಲಗಡೆ, ಗೇರು ಎಡಗೈಗೆ. ಹಾಗಾಗಿ ನಾನು ಬರೆಯುವುದೆಲ್ಲ ನಿನ್ನ ಗಾಡಿಗೂ ಹಾಗೇ ಹೊಂದುತ್ತದೆ.

ಈಗ ಕಾಗದ ತೊಡೆಯ ಮೇಲಿಟ್ಟುಕೊಂಡು ಎರಡು ಅಂಗೈ ಜೋಡಿಸು. ಬಲ ಅಂಗೈ ಎಂಜಿನ್ ಅಂದುಕೋ, ಎಡದ್ದು ಚಕ್ರ. ಅಂಗೈಗಳ ನಡುವೆ ಒಂದಿಷ್ಟು ಸಂದು ಬಿಟ್ಟು ಬಲಗೈಯನ್ನು ಅತ್ತ ಇತ್ತ ತಿರುಗಿಸು. ಎಡಗೈಗೆ ಏನೂ ಗೊತ್ತಾಗುವುದಿಲ್ಲ. ಕ್ಲಚ್ ಪೂರ್ತಿ ಒತ್ತಿದಾಗ ಹೀಗೇ ಇರುತ್ತದೆ. ಈಗ ಮೆಲ್ಲಗೆ ತಾಗಿಸು. ಮೊದಲು ಜಾರುತ್ತದೆ, ಉಜ್ಜಿ ಬಿಸಿಯಾಗುತ್ತದೆ, ಆಮೇಲೆ ಎಡಗೈಯೂ ಜೊತೆಗೆ ತಿರುಗಲು ಶುರುವಾಗುತ್ತದೆ. ಆ ಜಾರುತ್ತಾ ಹಿಡಿಯುವ ಜಾಗವೇ ಹಾಫ್ ಕ್ಲಚ್. ಗಟ್ಟಿಯಾಗಿ ಒತ್ತಿದರೆ ಎರಡೂ ಒಂದೇ. ಗಾಡಿಯೊಳಗೆ ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಕ್ಲಚ್ ಪ್ಲೇಟ್ ತಾಗುವುದೂ ಬಿಡುವುದೂ ಇಷ್ಟೇ.

ಇದು ಯಾಕೆ ಬೇಕು ಅಂದರೆ, ಪೆಟ್ರೋಲ್ ಡೀಸೆಲ್ ಎಂಜಿನ್ನಿಗೆ ನಿಂತಲ್ಲಿಂದ ಎಳೆಯುವ ಶಕ್ತಿ ಇಲ್ಲ. ಸುಮ್ಮನೆ ನಿಂತಾಗಲೂ ಅದು ನಿಮಿಷಕ್ಕೆ ಹೆಚ್ಚುಕಡಿಮೆ 800 ಸುತ್ತು ಸುತ್ತುತ್ತಲೇ ಇರಬೇಕು. ಚಕ್ರವೋ ನಿಂತಿದೆ. ಸುತ್ತುತ್ತಿರುವುದನ್ನು ನಿಂತಿರುವುದಕ್ಕೆ ತಟ್ಟನೆ ಕಟ್ಟಿದರೆ ನಿಂತದ್ದೇ ಗೆಲ್ಲುತ್ತದೆ, ಎಂಜಿನ್ ಆಫ್ ಆಗುತ್ತದೆ. ಕಲಿಯುವವರ ಕೈಯಲ್ಲಿ ಗಾಡಿ ಮುಗ್ಗರಿಸಿ ನಿಲ್ಲುವುದಕ್ಕೆ ಕಾರಣ ಇದು, ಧೈರ್ಯ ಸಾಲದ್ದಲ್ಲ, ವಯಸ್ಸೂ ಅಲ್ಲ. ಕರೆಂಟಿನ ಕಾರಿಗೆ ಈ ತೊಂದರೆಯಿಲ್ಲ, ಅದರ ಮೋಟರು ಸೊನ್ನೆಯಿಂದಲೇ ಎಳೆಯುತ್ತದೆ. ಅದಕ್ಕೇ ಅದರಲ್ಲಿ ಕ್ಲಚ್ಚೇ ಇಲ್ಲ.

ಮೊದಲು ಮಾಡಬೇಕಾದ ಅಭ್ಯಾಸ ಒಂದೇ. ಸಮತಟ್ಟಾದ ಖಾಲಿ ಮೈದಾನ ಬೇಕು, ರಸ್ತೆ ಬೇಡವೇ ಬೇಡ. ಸೀಟನ್ನು ಎಷ್ಟು ಮುಂದಕ್ಕೆ ಎಳೆಯಬೇಕೆಂದರೆ, ಕ್ಲಚ್ ತಳ ಮುಟ್ಟಿದಾಗಲೂ ಮಂಡಿ ಸ್ವಲ್ಪ ಮಡಿಚಿಯೇ ಇರಬೇಕು, ಬೆನ್ನು ಸೀಟು ಬಿಡಬಾರದು. ಕ್ಲಚ್ ಪೂರ್ತಿ ಒತ್ತಿ ಒಂದನೇ ಗೇರ್ ಹಾಕಿ, ಬಲಗಾಲನ್ನು ಬ್ರೇಕಿನಿಂದ ತೆಗೆದು ಅದರ ಮೇಲೇ ಹಿಡಿದುಕೊಂಡಿರು. ಆಕ್ಸಿಲರೇಟರ್ ಮುಟ್ಟಲೇಬೇಡ. ಈಗ ಎಡಗಾಲನ್ನು ಒಂದೊಂದು ಕೂದಲೆಳೆಯಷ್ಟೇ ಮೇಲೆತ್ತುತ್ತಾ ಬಾ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಂದು ಕಡೆ ಎಂಜಿನ್ ಸದ್ದು ತುಸು ತಗ್ಗುತ್ತದೆ, ಸ್ಟೇರಿಂಗಿನಲ್ಲಿ ಸಣ್ಣ ನಡುಕ ಬರುತ್ತದೆ, ಬಾನೆಟ್ಟಿನ ಮುಂಭಾಗ ಚೂರೇ ಚೂರು ಮೇಲೇಳುತ್ತದೆ. ಅಲ್ಲೇ ನಿಲ್ಲಿಸು. ಕಾಲು ಎತ್ತಲೂ ಬೇಡ, ಒತ್ತಲೂ ಬೇಡ. ಗಾಡಿ ತಾನಾಗಿ ಹೊರಡುತ್ತದೆ. ಪೂರ್ತಿ ಹೊರಟ ಮೇಲೆ ಮಿಕ್ಕಿದ್ದನ್ನು ಬಿಡು. ಸಮತಟ್ಟು ನೆಲದಲ್ಲಿ ಗಂಟೆಗೆ ಸುಮಾರು ಆರೇಳು ಕಿಲೋಮೀಟರಿನಂತೆ, ನಾವು ಬಿರುಸಾಗಿ ನಡೆಯುವಷ್ಟು, ಆಕ್ಸಿಲರೇಟರ್ ಇಲ್ಲದೇ ಹೋಗುತ್ತಿರುತ್ತದೆ. ನಿಲ್ಲಿಸಲು ಕ್ಲಚ್ ಒತ್ತಿ ಬ್ರೇಕ್ ಒತ್ತು. ಮತ್ತೆ ಮೊದಲಿನಿಂದ. ಇಷ್ಟನ್ನೇ ಮಾಡುತ್ತಿರು. ಬೇರೆ ಏನೂ ಕಲಿಯುವ ಆತುರ ಬೇಡ. ಎಡಗಾಲಿಗೆ ಆ ಜಾಗ ಗುರುತು ಸಿಕ್ಕಿದ ದಿನ ನನಗೆ ಆದ ಸಂತೋಷವನ್ನು ಹೇಗೆ ಬರೆಯಲಿ! ಪೆಡಲ್ ನೋಡದೆ, ಲೆಕ್ಕ ಹಾಕದೆ, ಕಾಲು ತಾನೇ ಹೋಗಿ ಅಲ್ಲಿ ನಿಂತುಕೊಂಡಿತು.

ಗಾಡಿ ಆಫ್ ಆದರೆ? ಆಗುತ್ತದೆ, ಎಲ್ಲರಿಗೂ ಆಗುತ್ತದೆ. ಕ್ಲಚ್, ಬ್ರೇಕ್ ಎರಡೂ ಪೂರ್ತಿ ಒತ್ತು, ಹ್ಯಾಂಡ್‌ಬ್ರೇಕ್ ಎಳಿ, ನ್ಯೂಟ್ರಲ್ ಮಾಡು, ಸ್ಟಾರ್ಟ್ ಮಾಡು. ಇದನ್ನು ಮೈದಾನದಲ್ಲಿ ಬೇಕೆಂದೇ ಆಫ್ ಮಾಡಿ ಮಾಡಿ ರೂಢಿಸಿಕೊಂಡರೆ, ರಸ್ತೆಯಲ್ಲಿ ಹಿಂದಿನವರು ಹಾರ್ನ್ ಹೊಡೆದರೂ ಕೈ ನಡುಗುವುದಿಲ್ಲ. ಹಾರ್ನಿನಿಂದ ಎಂಜಿನ್ ಬೇಗ ಸ್ಟಾರ್ಟ್ ಆಗುವುದಿಲ್ಲವಲ್ಲ, ಅವರು ಹೊಡೆದುಕೊಳ್ಳಲಿ.

ಗೇರಿನ ವಿಷಯಕ್ಕೆ ಬಂದರೆ, ಸಾಮಾನ್ಯ ಚಿಕ್ಕ ಕಾರಿನಲ್ಲಿ ಒಂದನೇ ಗೇರಿನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ 12ರಿಂದ 15 ಸುತ್ತು ಬಂದಿರುತ್ತದೆ. ಐದನೆಯದರಲ್ಲಿ ಮೂರು ನಾಲ್ಕೇ ಸುತ್ತು. ಸುತ್ತು ಹೆಚ್ಚಿದ್ದಲ್ಲಿ ಬಲ, ಕಡಿಮೆಯಿದ್ದಲ್ಲಿ ವೇಗ. ಎಲ್ಲಿ ಬದಲಿಸಬೇಕು ಅಂತ ಅಂಕಿ ಉರುಹೊಡೆಯಬೇಡ, ಕಿವಿ ಹೇಳುತ್ತದೆ. ಎಂಜಿನ್ ಕೂಗಿಕೊಂಡರೆ ಮೇಲಿನ ಗೇರು, ಗೊರಗುಟ್ಟಿ ನಡುಗಿದರೆ ಕೆಳಗಿನದು. ಲಿವರನ್ನು ಮುಷ್ಟಿಯಲ್ಲಿ ಹಿಸುಕಿ ತಳ್ಳುವುದೂ ಬೇಡ, ಅಂಗೈಯಿಂದ ಮೆತ್ತಗೆ ದೂಡಿದರೆ ಸಾಕು. ಅಪ್ಪ ಹಳೇ ಲಾರಿಗಳಲ್ಲಿ ಒಂದು ಗೇರು ಬದಲಿಸಲು ಕ್ಲಚ್ಚನ್ನು ಎರಡೆರಡು ಸಲ ಒತ್ತಿ ಡಬಲ್ ಕ್ಲಚ್ ಹೊಡೆಯುತ್ತಿದ್ದದ್ದನ್ನು ಹೇಳುತ್ತಿದ್ದರಲ್ಲ, ಹಲ್ಲುಗಳ ವೇಗ ಹೊಂದಿಸುವ ಆ ಕೆಲಸವನ್ನು ಈಗ ಗೇರ್‌ಬಾಕ್ಸಿನೊಳಗಿನ ಸಿಂಕ್ರೊಮೆಶ್ ಮಾಡುತ್ತದೆ. ಕ್ಯಾಡಿಲಾಕ್ ಕಾರುಗಳಲ್ಲಿ 1928ರಲ್ಲೇ ಬಂತಂತೆ ಇದು. ರಿವರ್ಸ್ ಗೇರಿಗೆ ಮಾತ್ರ ಬಹಳಷ್ಟು ಕಾರುಗಳಲ್ಲಿ ಆ ಅನುಕೂಲ ಇರುವುದಿಲ್ಲ. ಹಾಗಾಗಿ ಗಾಡಿ ಪೂರ್ತಿ ನಿಂತ ಮೇಲೇ ರಿವರ್ಸ್.

ಅಕ್ಕ, ನಿನಗೆ ಒಬ್ಬಳ ಕಥೆ ಹೇಳಲೇಬೇಕು. ಕಾರು ಕಂಡುಹಿಡಿದ ಕಾರ್ಲ್ ಬೆಂಜ್ ಅವರ ಹೆಂಡತಿ ಬೆರ್ತಾ ಬೆಂಜ್. 1888ರ ಆಗಸ್ಟಿನಲ್ಲಿ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮಾನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಕಾರಿನಲ್ಲಿ ಹೋದಳು. ಪ್ರಪಂಚದಲ್ಲಿ ಕಾರಿನ ಮೊದಲ ದೂರಪ್ರಯಾಣ ಅದೇ. ಆಗ ಅವಳಿಗೆ 39. ಏರು ಬಂದ ಕಡೆ ಗಾಡಿ ಹತ್ತಲಾರದೆ ಇಳಿದು ತಳ್ಳಬೇಕಾಯಿತು. ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡು ಸವೆಯಿತು, ಚಪ್ಪಲಿ ಹೊಲಿಯುವವರ ಹತ್ತಿರ ಅದಕ್ಕೆ ಚರ್ಮ ಹೊಡೆಸಿದಳು. ಊರಿಗೆ ಮರಳಿದ ಮೇಲೆ, ಏರು ಹತ್ತಲು ಇನ್ನೊಂದು ಗೇರು ಬೇಕೇ ಬೇಕು ಅಂತ ಗಂಡನಿಗೆ ಹೇಳಿದವಳು ಅವಳೇ. ಒಂದನೇ ಗೇರ್ ಹಾಕಿ ಏರು ಹತ್ತುವಾಗಲೆಲ್ಲ ನನಗೆ ಅವಳ ನೆನಪಾಗುತ್ತದೆ. ಓಡಿಸಿ ನೋಡಿದ್ದರಿಂದಲೇ ಗಾಡಿಗೆ ಏನು ಬೇಕೆಂದು ಅವಳಿಗೆ ತಿಳಿದದ್ದು.

ಏರಿನಲ್ಲಿ ನಿಲ್ಲಿಸಿ ಹೊರಡುವುದು ಎಲ್ಲರಿಗೂ ಭಯದ ಪಾಠ. ಅದರಲ್ಲೂ ಹೊಸದೇನೂ ಇಲ್ಲ, ಅದೇ ಹಾಫ್ ಕ್ಲಚ್. ಹ್ಯಾಂಡ್‌ಬ್ರೇಕ್ ಎಳೆದಿರಲಿ. ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಅದೇ ಸದ್ದನ್ನು ಹಿಡಿದಿಟ್ಟುಕೋ. ಎಡಗಾಲು ಆ ಜಾಗಕ್ಕೆ ಬಂದು ಬಾನೆಟ್ಟು ಮೇಲೇಳುವವರೆಗೆ ಕಾಯಿ. ಎದ್ದಿತೆಂದರೆ ಎಂಜಿನ್ ಗಾಡಿಯನ್ನು ಹಿಡಿದುಕೊಂಡಿದೆ ಎಂದೇ ಅರ್ಥ. ಆಗ ಹ್ಯಾಂಡ್‌ಬ್ರೇಕ್ ಇಳಿಸು. ಹಿಂದಕ್ಕೆ ಒಂದಂಗುಲವೂ ಬರುವುದಿಲ್ಲ. ಆದರೆ ಸಿಗ್ನಲ್ಲಿನಲ್ಲಿ ಹಾಫ್ ಕ್ಲಚ್ಚಿನ ಮೇಲೇ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸ ಮಾತ್ರ ಮಾಡಿಕೊಳ್ಳಬೇಡ, ಪ್ಲೇಟು ಉಜ್ಜಿ ಉಜ್ಜಿ ಸುಟ್ಟುಹೋಗುತ್ತದೆ. ಓಡುವಾಗಲೂ ಎಡಗಾಲು ಪೆಡಲಿನ ಮೇಲೆ ಕೂತಿರಬಾರದು, ಪಕ್ಕದಲ್ಲಿ ಕೆಳಗಿರಲಿ.

ಇನ್ನು ಅಪ್ಪನ ಮಾತು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತೆ ಅಂತ ಅವರು ಈಗಲೂ ಹೇಳುತ್ತಾರೆ. ಕಾರ್ಬುರೇಟರ್ ಕಾಲದಲ್ಲಿ ಆ ಲೆಕ್ಕ ಇದ್ದಿರಬಹುದು. ಈಗಿನ ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ, ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದೇ ಇರಲು ಪೆಟ್ರೋಲ್ ಬೇಕು. ಅದಕ್ಕಿಂತ ದೊಡ್ಡ ಮಾತೆಂದರೆ, ಗೇರು ಬಿಟ್ಟ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೇ ಬೀಳುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಅಂತ ಅಪ್ಪನೇ ಹೇಳಿಕೊಟ್ಟದ್ದಲ್ಲವಾ, ಅದನ್ನೇ ಹಿಡಿ. ಅವರಿಗೆ ಇದನ್ನು ಸಮಾಧಾನವಾಗಿ ಹೇಳು.

ಒಂದು ವಿಷಯ ಭಾವನ ಮುಂದೆ ನೇರವಾಗಿ ಹೇಳಲು ನೀನು ಹಿಂಜರಿಯುತ್ತೀಯ, ಅದಕ್ಕೆ ನಾನೇ ಬರೆಯುತ್ತೇನೆ. ಮೊದಲ ಪಾಠ ಭಾವನ ಹತ್ತಿರ ಬೇಡ. ಅವರು ಚೆನ್ನಾಗಿ ಓಡಿಸುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಪ್ಪತ್ತು ವರ್ಷದಿಂದ ಓಡಿಸುವವರಿಗೆ ತಮ್ಮ ಎಡಗಾಲು ಏನು ಮಾಡುತ್ತಿದೆ ಅನ್ನುವುದೇ ಮರೆತಿರುತ್ತದೆ. "ಕ್ಲಚ್ ಮೆಲ್ಲಗೆ ಬಿಡು" ಅನ್ನುತ್ತಾರೆ, ಎಲ್ಲಿಂದ ಎಲ್ಲಿಗೆ ಮೆಲ್ಲಗೆ ಅಂತ ಹೇಳಲು ಬರುವುದಿಲ್ಲ. ಮನೆಯವರ ಪಕ್ಕ ಕೂತಾಗ ನಮಗೂ ರಸ್ತೆಗಿಂತ ಅವರ ಮುಖದ ಮೇಲೇ ಗಮನ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಕ್ಲಚ್ ಬ್ರೇಕ್ ಇರುತ್ತದೆ, ಆ ನೆಮ್ಮದಿ ದೊಡ್ಡದು. ಆದರೆ ಅವರೇ ಕ್ಲಚ್ ಒತ್ತುತ್ತಾ ನಿನ್ನನ್ನು ಬರೀ ಸ್ಟೇರಿಂಗ್ ಹಿಡಿಯಲು ಬಿಟ್ಟರೆ ಒಪ್ಪಬೇಡ. "ನಿಮ್ಮ ಕಾಲು ತೆಗೀರಿ, ಆಫ್ ಆದರೆ ಆಗಲಿ" ಅಂತ ಹೇಳು. ದುಡ್ಡು ಕೊಡುವವಳು ನೀನು. ವಾರಕ್ಕೊಮ್ಮೆ ಎರಡು ಗಂಟೆ ಕಲಿಯುವುದಕ್ಕಿಂತ ದಿನಾ ಅರ್ಧ ಗಂಟೆ ಮೇಲು. ರಾತ್ರಿ ಮಲಗಿ ಎದ್ದರೆ, ಹಿಂದಿನ ದಿನ ಬಾರದಿದ್ದದ್ದು ಬೆಳಿಗ್ಗೆ ಕಾಲಿಗೆ ಬಂದಿರುತ್ತದೆ. ಕೈ ಕುದುರಿದ ಮೇಲೆ ಭಾವನನ್ನು ಪಕ್ಕದಲ್ಲಿ ಕೂರಿಸಿಕೋ. ಆಗ ಅವರ ರಸ್ತೆಯ ಅನುಭವ ನಿನಗೆ ನಿಜವಾಗಿ ಬೇಕಾಗುತ್ತದೆ: ಲಾರಿ ಯಾವಾಗ ದಾಟಬೇಕು, ಬಸ್ಸಿನ ಹಿಂದೆ ಎಷ್ಟು ಜಾಗ ಬಿಡಬೇಕು, ಮಳೆಯಲ್ಲಿ ಹೇಗೆ ಅನ್ನುವುದೆಲ್ಲ.

ಎಲ್‌ಎಲ್‌ಆರ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಈ ತಿಂಗಳೇ ಅರ್ಜಿ ಹಾಕು. ಮಕ್ಕಳ ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ ಅಂತ ಮುಂದೆ ಹಾಕಬೇಡ. ಹಾಕಿದ ದಿನ ನನಗೆ ಫೋನ್ ಮಾಡು, ಇಲ್ಲಿ ಎಷ್ಟೇ ಹೊತ್ತಾಗಿರಲಿ ಎತ್ತುತ್ತೇನೆ.

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಮುದ್ದು.

ಇಂತಿ ನಿನ್ನ ತಂಗಿ

ಮರೆತಿದ್ದೆ: ಹಿಮ್ಮಡಿ ಎತ್ತರದ ಚಪ್ಪಲಿಯಾಗಲೀ ದಪ್ಪ ಅಟ್ಟೆಯ ಶೂ ಆಗಲೀ ಬೇಡ, ಕ್ಲಚ್ಚಿನ ನಡುಕ ಪಾದಕ್ಕೆ ತಿಳಿಯುವುದಿಲ್ಲ. ಹಿಂದೆ ಪಟ್ಟಿಯಿಲ್ಲದ ಚಪ್ಪಲಿಯೂ ಬೇಡ, ಜಾರಿ ಪೆಡಲಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ತೆಳು ಅಟ್ಟೆಯ ಕ್ಯಾನ್‌ವಾಸ್ ಶೂ ಒಂದು ಜೊತೆ ತಗೊಂಡು ಗಾಡಿಯಲ್ಲೇ ಇಟ್ಟಿರು.