ಒರಗು ಸಿಕ್ಕಿತು, ಬ್ರಾಕೆಟ್ ಸಿಗಲಿಲ್ಲ

ಮಾನ್ಯ ಸಂಪಾದಕರೇ,

ತಯಾರಿಕೆ ನಿಂತುಹೋದ ಬೈಕುಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಅವನ್ನು ಓಡಿಸುವವರು. ನಾನು ಹಿಂದೆ ಕೂರುವವಳು. ನಮ್ಮ ಮನೆಯ ಕ್ರೂಸರ್‌ಗೆ (ತಗ್ಗಿನ ಸೀಟಿನ, ದೂರದ ಸವಾರಿಯ ಬೈಕು) ಈಗ ಹದಿನೇಳು ವರ್ಷ. ಆ ಮಾದರಿ ನಿಂತು ಹತ್ತು ವರ್ಷ ಕಳೆದಿದೆ. ಎಂಜಿನ್ ಗಟ್ಟಿಮುಟ್ಟಾಗಿದೆ, ಕೈಕೊಟ್ಟಿರುವುದು ನನ್ನ ಸೊಂಟ. ಬೆನ್ನಿಗೆ ಆಸರೆಯಿಲ್ಲದೆ ದೂರದ ಪ್ರಯಾಣ ಬೇಡವೆಂದು ವೈದ್ಯರು ಹೇಳಿದರು. ಯಜಮಾನರು ಬೈಕನ್ನೇ ಮಾರೋಣ ಎಂದರು. ನಾನು ಹಿಂದಿನ ಸೀಟಿಗೆ ಬೆನ್ನೊರಗು ಹುಡುಕೋಣ ಎಂದೆ. ಹುಡುಕಾಟಕ್ಕೆ ಹಿಡಿದದ್ದು ಹದಿನಾಲ್ಕು ತಿಂಗಳು.

ಬ್ರೇಕ್ ಪ್ಯಾಡ್, ಆಯಿಲ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಇವೆಲ್ಲ ಹಲವು ಮಾದರಿಗಳಿಗೆ ಹೊಂದುವಂಥವು, ಆದ್ದರಿಂದ ಇಂದಿಗೂ ಸಿಗುತ್ತವೆ. ಬೆನ್ನೊರಗು, ಬ್ಯಾಗು ಚಕ್ರಕ್ಕೆ ತಾಗದಂತೆ ತಡೆಯುವ ಕಂಬಿ, ವಿಂಡ್‌ಶೀಲ್ಡ್, ಕ್ರ್ಯಾಶ್ ಗಾರ್ಡ್ ಹಾಗಲ್ಲ. ಇವು ಒಂದೇ ಬೈಕಿನ ಮೈಗೆ ಅಳತೆ ಕೊಟ್ಟು ಹೊಲಿಸಿದ ರವಿಕೆಯಂತೆ. ಇವಿಲ್ಲದೆಯೂ ಬೈಕು ಓಡುತ್ತದಲ್ಲ, ಹಾಗಾಗಿ ಮಾದರಿ ನಿಂತ ಮೇಲೆ ಇವುಗಳನ್ನು ಕೇಳುವವರೇ ಇರುವುದಿಲ್ಲ.

ಅಧಿಕೃತ ಮಾರಾಟಗಾರರೊಬ್ಬರು ಮೂರು ತಿಂಗಳು ಓಡಾಡಿಸಿ, ಕೊನೆಗೆ ಕಂಪ್ಯೂಟರ್ ಪರದೆಯನ್ನೇ ನನ್ನತ್ತ ತಿರುಗಿಸಿದರು: ಆ ಸಂಖ್ಯೆಯ ಭಾಗ ಇಲ್ಲ. ನಾನು ಮೂವತ್ತೊಂದು ವರ್ಷ ಗ್ರಂಥಪಾಲಕಿಯಾಗಿದ್ದವಳು. ಕ್ಯಾಟಲಾಗಿನಲ್ಲಿ ಇಲ್ಲವೆಂದರೆ ಕಪಾಟಿನಲ್ಲೂ ಇಲ್ಲ ಎಂದು ನಂಬುವ ಜಾತಿಯಲ್ಲ. ಬಿಡಿಭಾಗಗಳ ಸಂಖ್ಯೆಗಳು ಆಗಾಗ ಬದಲಾಗುತ್ತವೆ. ವಸ್ತುವಿನಲ್ಲಿ ಸಣ್ಣ ತಿದ್ದುಪಡಿಯಾದರೂ ಹಳೆಯ ಸಂಖ್ಯೆ ರದ್ದಾಗಿ ಹೊಸದು ಬರಬಹುದು. ಹಳೆಯದನ್ನೇ ಹಿಡಿದು ಹುಡುಕಿದರೆ ಸಿಗುವ ಉತ್ತರ ಎಷ್ಟೋ ಸಲ ಶೂನ್ಯ. ಬೈಕನ್ನು ಬಿಚ್ಚಿ ಹರಡಿದಂತೆ ತೋರಿಸುವ ಬಿಡಿಭಾಗಗಳ ನಕ್ಷೆಯನ್ನು ಮುಂದಿಟ್ಟುಕೊಂಡು ಒಂದೊಂದೇ ಸಂಖ್ಯೆಯ ಬೆನ್ನು ಹತ್ತಿದೆ. ಒರಗಿನ ಪಟ್ಟಿಗೂ ಮಡ್‌ಗಾರ್ಡಿಗೂ ನಡುವೆ ಕೂರುವ ಪುಟ್ಟ ಬಳೆಯಂಥ ಬುಷ್ ಅದೇ ತಯಾರಕರ ಮತ್ತೊಂದು ಮಾದರಿಯ ಪುಟದಲ್ಲಿ ಬೇರೆ ಸಂಖ್ಯೆ ಹೊತ್ತು ಕುಳಿತಿತ್ತು. ನಾಲ್ಕು ಬುಷ್ ಬಂದ ದಿನ ನಾನು ಪಟ್ಟ ಸಂತೋಷವನ್ನು ಮನೆಯಲ್ಲಿ ಯಾರೂ ಹಂಚಿಕೊಳ್ಳಲಿಲ್ಲ.

ಹಳೆಯ ಸಂಖ್ಯೆ ನಂಬುವುದು ಮೊದಲ ತಪ್ಪಾದರೆ, ಹೆಸರು ನಂಬುವುದು ಎರಡನೆಯದು. ಹೋಂಡಾ ಶ್ಯಾಡೋ 750 ಎಂಬ ಹೆಸರನ್ನೇ ನೋಡಿ. 2003ರವರೆಗೆ ಬಂದ ಏಸ್ ಚೈನಿನಿಂದ ಓಡುವ ಬೈಕು, 2004ರಲ್ಲಿ ಬಂದ ಏರೋಗೆ ಚೈನೇ ಇಲ್ಲ, ಚಕ್ರ ತಿರುಗಿಸುವುದು ಶಾಫ್ಟ್ ಎಂಬ ಲೋಹದ ದಂಡ. ಮಾರುವವರು ಎರಡನ್ನೂ ‘ಶ್ಯಾಡೋ 750’ ಎಂದೇ ಬರೆಯುತ್ತಾರೆ. ಶೀರ್ಷಿಕೆ ಒಂದೇ, ಆವೃತ್ತಿ ಬೇರೆ. ಇಸವಿ ಕೇಳದೆ ಬ್ಯಾಗಿನ ಕಂಬಿ ಕೊಂಡವರು ಅದನ್ನು ಗೋಡೆಗೆ ನೇತುಹಾಕಬೇಕಾದೀತು.

ಇನ್ನು ‘ಎಲ್ಲ ಬೈಕಿಗೂ ಹೊಂದುತ್ತದೆ’ ಎಂಬ ಸರಕು. ಅದನ್ನೂ ತರಿಸಿದೆ. ದುಂಡು ರಂಧ್ರದ ಬದಲು ಉದ್ದನೆಯ ಸೀಳು, ಎಲ್ಲಿಗೆ ಬೇಕಾದರೂ ಜಾರಲಿ ಎಂದು. ಜಾರಿತು ಕೂಡ. ಎರಡು ಗಂಟೆಯ ಸವಾರಿಯಲ್ಲಿ ಒರಗು ಎಡಕ್ಕೆ ವಾಲಿ, ನಾನೂ ಅದರೊಂದಿಗೆ ವಾಲಿಕೊಂಡು ಮನೆ ತಲುಪಿದೆ. ಹ್ಯಾಂಡಲ್ ವಿಷಯದಲ್ಲೂ ಇದೇ ಗೋಳು. ಕ್ರೂಸರ್‌ಗಳಲ್ಲಿ 22 ಮಿಲಿಮೀಟರ್ ಹ್ಯಾಂಡಲ್‌ಗಳೂ ಇವೆ, ಒಂದು ಇಂಚಿನ, ಅಂದರೆ 25.4 ಮಿಲಿಮೀಟರಿನವೂ ಇವೆ. ವಿಂಡ್‌ಶೀಲ್ಡನ್ನು ಹಿಡಿದಿಡುವ ಒಂದಿಂಚಿನ ಕ್ಲಾಂಪನ್ನು ಸಣ್ಣ ಹ್ಯಾಂಡಲ್‌ಗೆ ಎಷ್ಟು ಬಿಗಿದರೂ ವಿಂಡ್‌ಶೀಲ್ಡ್ ಗಾಳಿಗೆ ತಲೆಬಾಗುತ್ತದೆ. ಬೋಲ್ಟ್ ಇನ್ನೂ ಮೋಸಗಾರ. 8 ಮಿಲಿಮೀಟರಿನ ರಂಧ್ರಕ್ಕೆ 5/16 ಇಂಚಿನ ಬೋಲ್ಟ್ ಒಂದೆರಡು ಸುತ್ತು ತನ್ನದೇ ಮನೆಯಂತೆ ಹೊಕ್ಕು, ಆಮೇಲೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬಲ ಪ್ರಯೋಗಿಸಿದರೆ ಫ್ರೇಮಿನ ರಂಧ್ರದೊಳಗಿನ ತಿರುಪಿನ ಸುತ್ತುಗಳೇ ಹಾಳು.

ಕಡೆಗೆ ಹಳೆಯದೊಂದು ಅಸಲಿ ಒರಗು ಸಿಕ್ಕಿತು. ಮೆತ್ತೆ ಚೆನ್ನಾಗಿತ್ತು, ಕಂಬಿಗೆ ತುಕ್ಕಿರಲಿಲ್ಲ. ಆದರೆ ಅದನ್ನು ಬೈಕಿಗೆ ಜೋಡಿಸುವ ಎರಡು ಪಕ್ಕದ ಬ್ರಾಕೆಟ್‌ಗಳು ಎಲ್ಲಿ? ಮಾರಿದವರು ಅಮಾಯಕವಾಗಿ ಕೇಳಿದರು: ‘ಓ, ಆ ಎರಡು ತಗಡು ನಿಮಗೆ ಬೇಕಿತ್ತೇ?’ ಬೇಕಿದ್ದದ್ದೇ ಅದು! ಮೆತ್ತೆಯನ್ನು ಯಾರು ಬೇಕಾದರೂ ಹೊಲಿದು ಕೊಡುತ್ತಾರೆ.

ಪುಸ್ತಕ ಕಟ್ಟುವ ರಟ್ಟು ಮನೆಯಲ್ಲಿತ್ತು. ಮಡ್‌ಗಾರ್ಡಿನ ಪಕ್ಕಕ್ಕೆ ಅದನ್ನು ಒತ್ತಿ ಹಿಡಿದು, ರಂಧ್ರಗಳ ಗುರುತು ಮೂಡಿಸಿ, ಒಂದು ರಂಧ್ರದ ನಡುವಿನಿಂದ ಇನ್ನೊಂದರ ನಡುವಿಗೆ ಅಳೆದು ಕತ್ತರಿಸಿದೆ. ಎಡದ ರಟ್ಟನ್ನು ಮಗುಚಿ ಬಲಕ್ಕೆ ಇಟ್ಟರೆ ಕೂರಲಿಲ್ಲ. ಎರಡು ಪಕ್ಕಗಳಿಗೆ 4 ಮಿಲಿಮೀಟರ್ ವ್ಯತ್ಯಾಸವಿತ್ತು. ಯಜಮಾನರಿಗೆ ಇದು ಹದಿನೇಳು ವರ್ಷದಿಂದ ಗೊತ್ತಿರಲಿಲ್ಲ. ಲೇತ್ ಕೆಲಸದವರು ಆ ರಟ್ಟಿನಂತೆಯೇ 6 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ ಕೊಯ್ದುಕೊಟ್ಟರು. ಕ್ರೋಮ್ ಲೇಪನವಾಗಿ ಬಂದಾಗ ರಂಧ್ರಗಳು ಕೂದಲೆಳೆಯಷ್ಟು ಬಿಗಿಯಾಗಿದ್ದವು, ಉಜ್ಜಿ ಸರಿಮಾಡಬೇಕಾಯಿತು. ಹೀಗೆ ಮಾಡಿಸುವವರಿಗೆ ಒಂದು ಮಾತು: ತಲೆಯ ಮೇಲೆ 10.9 ಅಥವಾ 12.9 ಎಂಬ ಬಲದ ದರ್ಜೆ ಬರೆದಿರುವ ಬೋಲ್ಟನ್ನು ಹೊಳಪಿನ ಆಸೆಗೆ ಲೇಪನದ ತೊಟ್ಟಿಗೆ ಹಾಕಿಸಬೇಡಿ. ಅಲ್ಲಿ ಹೈಡ್ರೋಜನ್ ಹೀರಿಕೊಂಡ ಗಟ್ಟಿ ಉಕ್ಕು ಹೊರಗೆ ಏನೂ ತೋರಿಸದೆ ಒಂದು ದಿನ ಪಟ್ಟೆಂದು ಮುರಿಯಬಹುದು. ಬೆನ್ನು ಆನಿಸಿರುವವರು ನಾವು.

ಹತ್ತು ವರ್ಷದ ಹಿಂದಿನ ಒರಗನ್ನು ಮತ್ತೆ ತಯಾರಿಸಿ ಎಂದು ಕಂಪನಿಗಳನ್ನು ಕೇಳುವುದು ಅತಿಯಾದೀತು. ನಾನು ಕೇಳುವುದು ಒಂದು ಹಾಳೆ. ಪರಿಕರದ ತಯಾರಿಕೆ ನಿಲ್ಲಿಸುವ ದಿನ ಅದರ ಜೋಡಣೆಯ ಅಳತೆಗಳನ್ನು, ಅಂದರೆ ರಂಧ್ರಗಳ ಅಂತರ, ಬೋಲ್ಟಿನ ಗಾತ್ರ, ಬುಷ್ಷಿನ ದಪ್ಪವನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಲಿ. ಯಾರೂ ಕೊಳ್ಳದ ವಸ್ತುವಿನ ಅಳತೆಯಲ್ಲಿ ಯಾವ ವ್ಯಾಪಾರದ ಗುಟ್ಟಿದೆ?

ನಿಮ್ಮಲ್ಲೂ ಒಂದು ಕೋರಿಕೆಯಿದೆ. ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ಹಳೆಯ ಬೈಕಿನ ಪರಿಕರ ಮಾರುವವರಿಂದ ಎರಡು ವಿವರ ಕೇಳಿ ಪಡೆಯಿರಿ: ಬೈಕಿನ ಇಸವಿ ಯಾವುದು, ಬ್ರಾಕೆಟ್ ಜೊತೆಗಿದೆಯೇ. ಒಂದು ಸಾಲು ಹೆಚ್ಚಾಗುತ್ತದೆ, ಅಷ್ಟೇ. ನನ್ನ ರಟ್ಟಿನ ಅಚ್ಚುಗಳನ್ನು ಎಡ, ಬಲ ಎಂದು ಬರೆದು, ಇಸವಿ ನಮೂದಿಸಿ ಕಪಾಟಿನಲ್ಲಿಟ್ಟಿದ್ದೇನೆ. ಅದೇ ಬೈಕಿನ ಹಿಂದಿನ ಸೀಟಿನಲ್ಲಿ ಕೂರುವವರು ಯಾರಾದರೂ ಕೇಳಿದರೆ ಎರವಲು ಕೊಡುತ್ತೇನೆ. ವಾಪಸು ಕೊಡಲೇಬೇಕು.

– ಒಬ್ಬ ನಿವೃತ್ತ ಗ್ರಂಥಪಾಲಕಿ