ಯುದ್ಧಕ್ಕೆ ಹೋದ ವಿಹಾರನೌಕೆಗಳು: ನಾವಿಕರ ಕಥೆಯೂ ಬರಲಿ

ಮಾನ್ಯ ಸಂಪಾದಕರೆ,

ಕಳೆದ ಶತಮಾನದ ಅಮೆರಿಕದ ಸಿರಿವಂತರ ಖಾಸಗಿ ವಿಹಾರನೌಕೆಗಳನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಸಚಿತ್ರ ಲೇಖನವನ್ನು ಆಸಕ್ತಿಯಿಂದ ಓದಿದೆ. ತೇಗದ ಡೆಕ್ಕು, ಅಲಂಕೃತ ಭೋಜನಶಾಲೆ, ಮಾಲೀಕರ ವಂಶಾವಳಿ ಎಲ್ಲವೂ ಸವಿವರವಾಗಿ ಬಂದಿದ್ದ ಆ ಲೇಖನದಲ್ಲಿ, ಇವುಗಳಲ್ಲಿ ಹಲವು ಮುಂದೆ ಯುದ್ಧಕಾಲದಲ್ಲಿ ನೌಕಾಪಡೆಯ ಸೇವೆಗೆ ಸೇರಿದವು ಎಂಬ ಒಂದೇ ವಾಕ್ಯದಲ್ಲಿ ಅವುಗಳ ಉಳಿದ ಆಯುಷ್ಯವನ್ನೆಲ್ಲ ಮುಗಿಸಲಾಗಿತ್ತು. ಆ ಒಂದು ವಾಕ್ಯದೊಳಗೆ ನೂರಾರು ನಾವಿಕರ ಸಾವು ಅಡಗಿದೆ. ಅದನ್ನು ಬಿಡಿಸಿ ಹೇಳಬೇಕೆಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಎರಡನೆಯ ವಿಲಿಯಂ ಕೆ. ವ್ಯಾಂಡರ್‌ಬಿಲ್ಟ್ ಅವರ ಮೋಟಾರ್ ಯಾಟ್ ‘ಆಲ್ವಾ’ವನ್ನೇ ತೆಗೆದುಕೊಳ್ಳೋಣ. 264 ಅಡಿ ಉದ್ದದ, ಡೀಸೆಲ್ ಎಂಜಿನ್‌ಗಳ ಈ ನೌಕೆ ಜರ್ಮನಿಯ ಕೀಲ್ ನಗರದಲ್ಲಿ, ಕ್ರುಪ್ ಸಂಸ್ಥೆಯ ಗೆರ್ಮಾನಿಯಾ ಹಡಗುಕಟ್ಟೆಯಲ್ಲಿ 1931ರಲ್ಲಿ ಸಿದ್ಧವಾಯಿತು. ಮಾಲೀಕರು ಅದರಲ್ಲಿ ಭೂಪ್ರದಕ್ಷಿಣೆ ಮಾಡಿ, ಸಮುದ್ರಜೀವಿಗಳ ಮಾದರಿಗಳನ್ನು ಸಂಗ್ರಹಿಸಿ, ಲಾಂಗ್ ಐಲೆಂಡ್‌ನ ಸೆಂಟರ್‌ಪೋರ್ಟ್‌ನಲ್ಲಿದ್ದ ತಮ್ಮ ವಸ್ತುಸಂಗ್ರಹಾಲಯಕ್ಕೆ ತಂದರು. ಇಷ್ಟನ್ನು ಲೇಖನ ಹೇಳಿದೆ. ಅದು ಹೇಳದೆ ಬಿಟ್ಟದ್ದು ಇದು: 1941ರ ನವೆಂಬರ್‌ನಲ್ಲಿ ‘ಆಲ್ವಾ’ ಅಮೆರಿಕದ ನೌಕಾಪಡೆಯ ವಶಕ್ಕೆ ಬಂದು, ‘ಪ್ಲಿಮತ್’ ಎಂಬ ಹೊಸ ಹೆಸರನ್ನೂ ಪಿಜಿ-57 ಎಂಬ ಸಂಖ್ಯೆಯನ್ನೂ ಪಡೆದು, ಮರುವರ್ಷ ಅಟ್ಲಾಂಟಿಕ್ ಕರಾವಳಿಯಲ್ಲಿ ಸರಕುಹಡಗುಗಳ ಸಾಲಿಗೆ ಬೆಂಗಾವಲಾಗಿ ಓಡಾಡತೊಡಗಿತು. 1943ರ ಆಗಸ್ಟ್ 5ರಂದು ಉತ್ತರ ಕೆರೊಲಿನಾದ ಪೂರ್ವಕ್ಕೆ, ನೀರಿನೊಳಗಿನ ಸದ್ದನ್ನು ಹಿಡಿಯುವ ಉಪಕರಣಕ್ಕೆ ಒಂದು ಸುಳಿವು ಸಿಕ್ಕಿ, ಅದನ್ನು ಎದುರಿಸಲು ನೌಕೆ ಎಡಕ್ಕೆ ಹೊರಳುತ್ತಿದ್ದಾಗಲೇ ಜರ್ಮನಿಯ ಯು-566 ಜಲಾಂತರ್ಗಾಮಿಯ ಟಾರ್ಪೆಡೊ ಬಂದು ಬಡಿಯಿತು. ಮುಂಭಾಗದ ಎಡಮಗ್ಗುಲು ಪೂರ್ತಿ ಹೊತ್ತಿಕೊಂಡಿತು. ಎರಡೇ ನಿಮಿಷಗಳಲ್ಲಿ ನೌಕೆ ಮುಳುಗಿ, ಸಿಬ್ಬಂದಿಯಲ್ಲಿ ಸುಮಾರು ಅರ್ಧದಷ್ಟು ಮಂದಿ ಅದರೊಂದಿಗೇ ಹೋದರು. ನೌಕೆಯ ಮುಖ್ಯಸ್ಥ ಲೆಫ್ಟಿನೆಂಟ್ ಆರ್ಮ್ಸ್‌ಬಿ ಮಿಚೆಲ್, ಸ್ಫೋಟದ ರಭಸಕ್ಕೆ ಎಡಗಾಲು ಜಜ್ಜಿಹೋಗಿದ್ದರೂ, ಉಳಿದವರೆಲ್ಲ ಇಳಿಯುವವರೆಗೆ ನಿರ್ದೇಶನ ಕೊಡುತ್ತಲೇ ಇದ್ದರು. ಆ ಕಾಲನ್ನು ಮುಂದೆ ಕತ್ತರಿಸಬೇಕಾಯಿತು. ಅವರಿಗೆ ನೇವಿ ಕ್ರಾಸ್ ಪದಕ ಸಂದಿತು. ಅಬ್ಬರದ ಸಮುದ್ರದಲ್ಲಿ ಈಜುತ್ತಿದ್ದವರನ್ನು ಎತ್ತಿಕೊಂಡದ್ದು ಕೋಸ್ಟ್ ಗಾರ್ಡ್‌ನ ‘ಕ್ಯಾಲಿಪ್ಸೊ’.

ಅಷ್ಟು ದೊಡ್ಡ ನೌಕೆ ಎರಡು ನಿಮಿಷಗಳಲ್ಲಿ ಮುಳುಗಿದ್ದೇಕೆ ಎಂದು ಓದುಗರು ಕೇಳಬಹುದು. ಟಾರ್ಪೆಡೊ ಬಡಿದರೆ ಯುದ್ಧನೌಕೆಯೂ ಮುಳುಗುತ್ತದೆ, ನಿಜ. ಆದರೆ ವಿಹಾರನೌಕೆಯ ಕಟ್ಟೋಣವೇ ಬೇರೆ. ಅತಿಥಿಗಳಿಗೆ ಬೆಳಕೂ ಗಾಳಿಯೂ ಬರಲೆಂದು ಅದರ ಮೇಲ್ಭಾಗದಲ್ಲಿ ದೊಡ್ಡ ಕಿಟಕಿಗಳಿರುತ್ತವೆ, ಒಳಗೆ ವಿಶಾಲ ಕೋಣೆಗಳಿರುತ್ತವೆ. ಹೊಡೆತ ತಿಂದಾಗ ನೀರನ್ನು ಒಂದೆಡೆಯೇ ತಡೆದು ನಿಲ್ಲಿಸುವ ಬಿಗಿ ವಿಭಾಗಗಳು ಯುದ್ಧನೌಕೆಯಲ್ಲಿರುವಷ್ಟು ಇರುವುದಿಲ್ಲ. ಹಲಗೆಯ ಅಲಂಕಾರವನ್ನೂ ಪೀಠೋಪಕರಣಗಳನ್ನೂ ಕಿತ್ತುಹಾಕಿ, ಬಿಳಿಯ ಮೈಗೆ ಬೂದುಬಣ್ಣ ಬಳಿದರೆ ಕೆಲಸ ಮುಗಿಯಲಿಲ್ಲ. ಮುಂದೆ ಒಂದು ತೋಪು, ಮೇಲೆ ಮಷಿನ್‌ಗನ್‌ಗಳು, ಹಿಂಬದಿಯಲ್ಲಿ ಡೆಪ್ತ್ ಚಾರ್ಜ್‌ಗಳ (ಜಲಾಂತರ್ಗಾಮಿಗಳ ಮೇಲೆ ನೀರೊಳಗೆ ಸಿಡಿಸುವ ಬಾಂಬುಗಳ) ಸಾಲು, ಅವುಗಳನ್ನು ಉರುಳಿಸುವ ಹಳಿಗಳು, ಇವೆಲ್ಲ ಡೆಕ್ಕಿನ ಮೇಲೆಯೇ ಬರಬೇಕು. ಭಾರ ಮೇಲಕ್ಕೇರಿದಷ್ಟೂ ನೌಕೆಯ ಸಮತೋಲ ಕೆಡುತ್ತದೆ. ಅಲೆಗೆ ಓಲಿದ ಮೈ ಮತ್ತೆ ನೆಟ್ಟಗಾಗಲು ಹೊತ್ತು ಹಿಡಿಯುತ್ತದೆ. ಅದನ್ನು ಸರಿಪಡಿಸಲು ತಳದಲ್ಲಿ ಹೆಚ್ಚುವರಿ ಭಾರ ತುಂಬಿದರೆ ನೌಕೆ ಇನ್ನಷ್ಟು ಆಳಕ್ಕಿಳಿದು ವೇಗ ಕಳೆದುಕೊಳ್ಳುತ್ತದೆ. ಜರ್ಮನಿಯ ಸಾಮಾನ್ಯ ಜಲಾಂತರ್ಗಾಮಿಯೊಂದು ನೀರಿನ ಮೇಲೆ 17 ನಾಟ್‌ಗಳಿಗೂ (ಗಂಟೆಗೆ ಸುಮಾರು 31 ಕಿ.ಮೀ.) ಮಿಗಿಲಾಗಿ ಓಡಬಲ್ಲದಾಗಿತ್ತು. ಇಂತಹ ಎಷ್ಟೋ ಗಸ್ತು ನೌಕೆಗಳಿಗೆ ಅದನ್ನು ಬೆನ್ನಟ್ಟಿ ಹಿಡಿಯುವಷ್ಟು ವೇಗವೇ ಇರಲಿಲ್ಲ. ಆದರೆ ಅದನ್ನು ಬೆದರಿಸಿ ನೀರಿನಡಿಗೆ ಇಳಿಯುವಂತೆ ಮಾಡಿದರೆ, ಅಲ್ಲಿ ಅದರ ವೇಗ ಕುಂದಿ, ಹಡಗುಸಾಲು ದಾಟಿಹೋಗಲು ಸಮಯ ಸಿಗುತ್ತಿತ್ತು. ಗಸ್ತಿನ ಮುಖ್ಯ ಪ್ರಯೋಜನ ಅದೇ ಎಂದು ನನಗನ್ನಿಸುತ್ತದೆ. ಎಷ್ಟು ಜಲಾಂತರ್ಗಾಮಿಗಳನ್ನು ಮುಳುಗಿಸಿದವು ಎಂಬ ಲೆಕ್ಕದಿಂದ ಮಾತ್ರ ಈ ನೌಕೆಗಳನ್ನು ಅಳೆಯುವುದು ನ್ಯಾಯವಲ್ಲ.

ಈ ಕೊರತೆಗಳೆಲ್ಲ ನೌಕಾಪಡೆಗೆ ತಿಳಿದೇ ಇದ್ದವು. ಆದರೂ ಬೇರೆ ದಾರಿ ಇರಲಿಲ್ಲ. 1940ರಲ್ಲಿ ಅಮೆರಿಕ ತನ್ನ 50 ಹಳೆಯ ಡಿಸ್ಟ್ರಾಯರ್‌ಗಳನ್ನು (ವೇಗದ ಬೆಂಗಾವಲು ಯುದ್ಧನೌಕೆಗಳನ್ನು) ಬ್ರಿಟನ್‌ಗೆ ಕೊಟ್ಟಿತ್ತು. ಉಳಿದವನ್ನು ಪೆಸಿಫಿಕ್ ಸಾಗರವೂ ಅಟ್ಲಾಂಟಿಕ್‌ನಾಚೆಯ ಬೆಂಗಾವಲೂ ಹಂಚಿಕೊಂಡಿದ್ದವು. 1942ರ ಜನವರಿಯಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಪೂರ್ವ ಕರಾವಳಿಗೇ ಬಂದು ತೈಲಹಡಗುಗಳನ್ನು ಒಂದರ ಮೇಲೊಂದು ಮುಳುಗಿಸತೊಡಗಿದಾಗ, ಹೊಸ ಬೇಟೆನೌಕೆಗಳಲ್ಲಿ ಬಹಳಷ್ಟು ಇನ್ನೂ ಹಡಗುಕಟ್ಟೆಗಳಲ್ಲೇ ಇದ್ದವು. ಆ ತಿಂಗಳುಗಳನ್ನು ದಾಟಿಸಲು ಕೈಗೆ ಸಿಕ್ಕಿದ್ದನ್ನು ಸಮುದ್ರಕ್ಕೆ ಇಳಿಸಲಾಯಿತು. ಹಾಗೆ ಇಳಿದವುಗಳಲ್ಲಿ ‘ಸಿಥೀರಾ’ ಒಂದು. 1907ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಕಟ್ಟಿದ್ದ ಈ ಉಗಿನೌಕೆ ಮೊದಲ ಮಹಾಯುದ್ಧದಲ್ಲಿ ಒಮ್ಮೆ ಸೇವೆ ಸಲ್ಲಿಸಿ ಮಾಲೀಕರ ಮನೆಗೆ ಮರಳಿತ್ತು. ಎರಡನೆಯ ಯುದ್ಧದಲ್ಲಿ ಮತ್ತೆ ಕರೆ ಬಂತು. 1942ರ ಮೇ 2ರಂದು ಯು-402 ಅದನ್ನು ಮುಳುಗಿಸಿದಾಗ ಬದುಕುಳಿದವರು ಇಬ್ಬರೇ. ಅವರನ್ನು ನೀರಿನಿಂದೆತ್ತಿದ್ದು ಅದೇ ಜಲಾಂತರ್ಗಾಮಿ. ಯುದ್ಧ ಮುಗಿಯುವವರೆಗೆ ಅವರು ಜರ್ಮನಿಯಲ್ಲಿ ಸೆರೆಯಾಳುಗಳಾಗಿದ್ದರು.

ಇಂತಹ ನೌಕೆ ಮುಳುಗಲು ಶತ್ರುವಿನ ಕೈಯೇ ಬೇಕೆಂದೂ ಇರಲಿಲ್ಲ. 1944ರ ಜನವರಿ 6ರ ರಾತ್ರಿ, ಹಿಂದೆ ‘ನೊಪಾರೊ’ ಎಂಬ ವಿಹಾರನೌಕೆಯಾಗಿದ್ದ ‘ಸೇಂಟ್ ಅಗಸ್ಟೀನ್’, ದೀಪವಾರಿಸಿಕೊಂಡು ಒಂಟಿಯಾಗಿ ಬರುತ್ತಿದ್ದ ತೈಲಹಡಗೊಂದಕ್ಕೆ ಅಡ್ಡಬಂದು, ಡಿಕ್ಕಿಯಾಗಿ ನ್ಯೂ ಜೆರ್ಸಿಯ ಕೇಪ್ ಮೇ ಆಚೆ ಮುಳುಗಿತು. ಸತ್ತವರು 115 ಮಂದಿ.

ಮೊದಲ ಮಹಾಯುದ್ಧದ ಕಥೆಯೂ ಇಂಥದ್ದೇ. 1917ರ ಬೇಸಿಗೆಯಿಂದ ಫ್ರಾನ್ಸಿನ ಬ್ರೆಸ್ಟ್ ಬಂದರನ್ನು ನೆಲೆಯಾಗಿಸಿಕೊಂಡು ಅಮೆರಿಕದ ಉಗಿ ವಿಹಾರನೌಕೆಗಳು ಗಸ್ತು ತಿರುಗಿದವು. ಅವುಗಳಲ್ಲಿ ‘ಅಲ್ಸೀಡೊ’ ಆ ವರ್ಷದ ನವೆಂಬರ್ 5ರ ನಸುಕಿಗೆ ಮುನ್ನ ಯು‌ಸಿ-71ರ ಟಾರ್ಪೆಡೊಗೆ ಬಲಿಯಾಯಿತು. 21 ಮಂದಿ ತೀರಿಕೊಂಡರು. ಆ ಯುದ್ಧದಲ್ಲಿ ಅಮೆರಿಕದ ನೌಕಾಪಡೆ ಶತ್ರುವಿಗೆ ಕಳೆದುಕೊಂಡ ಮೊದಲ ನೌಕೆ ಯಾವುದೋ ಕ್ರೂಸರ್ ಅಲ್ಲ, ಡಿಸ್ಟ್ರಾಯರ್ ಅಲ್ಲ. ಫಿಲಡೆಲ್ಫಿಯಾದ ಸಿರಿವಂತರೊಬ್ಬರ ಈ ವಿಹಾರನೌಕೆ. 1918ರ ಮೇ 21ರಂದು ‘ಕ್ರಿಸ್ಟಬೆಲ್’ ನೌಕೆ ಜಲಾಂತರ್ಗಾಮಿಯೊಂದರ ಮೇಲೆ ದಾಳಿ ಮಾಡುತ್ತಿದ್ದಾಗ, ಸ್ಫೋಟದ ಅದುರಿಗೆ ತನ್ನದೇ ಡೆಕ್ಕಿನ ಡೆಪ್ತ್ ಚಾರ್ಜ್‌ಗಳು ಕಟ್ಟು ಬಿಚ್ಚಿ ಉರುಳಾಡತೊಡಗಿದವು. ಸಿಡಿಯಲು ಅಣಿಯಾಗಿದ್ದ ಅವುಗಳ ಮೇಲೆ ಎನ್‌ಸೈನ್ (ಕಿರಿಯ ನೌಕಾ ಅಧಿಕಾರಿ) ಡೇನಿಯಲ್ ಸಲಿವನ್ ಹಾರಿಬಿದ್ದು, ಒಂದೊಂದನ್ನೇ ಹಿಡಿದು ಭದ್ರಪಡಿಸಿದರು. ಅವರಿಗೆ ಆ ದೇಶದ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ದೊರೆಯಿತು. ಮಾಲೀಕರೆಲ್ಲ ದಡದಲ್ಲೇ ಉಳಿದರೆಂದು ಹೇಳಿದರೆ ತಪ್ಪಾದೀತು; ವಿನ್ಸೆಂಟ್ ಆಸ್ಟರ್ ತಮ್ಮದೇ ‘ನೋಮಾ’ದಲ್ಲಿ ಅಧಿಕಾರಿಯಾಗಿ ಸೇವೆಗೆ ಹೋದವರು.

ಕೆನಡಾದ ಪ್ರಸಂಗ ಇನ್ನೂ ಕುತೂಹಲಕಾರಿಯಾದುದು, ಲೇಖನದಲ್ಲಿ ಅದರ ಸುಳಿವೇ ಇರಲಿಲ್ಲ. 1940ರಲ್ಲಿ ಅಮೆರಿಕ ಇನ್ನೂ ತಟಸ್ಥವಾಗಿದ್ದುದರಿಂದ, ಯುದ್ಧನಿರತ ಕೆನಡಾದ ನೌಕಾಪಡೆ ಅಲ್ಲಿ ನೇರವಾಗಿ ನೌಕೆ ಕೊಳ್ಳುವಂತಿರಲಿಲ್ಲ. ಹಾಗಾಗಿ ಕೆನಡಾದ ಹವ್ಯಾಸಿ ನೌಕಾವಿಹಾರಿಗಳು ತಮ್ಮ ಸ್ವಂತಕ್ಕೆಂದು ಹೇಳಿಕೊಂಡು ಅಲ್ಲಿಂದ ವಿಹಾರನೌಕೆಗಳನ್ನು ಕೊಂಡು ತಂದರು. ತಂದ ಮೇಲೆ ಸರ್ಕಾರ ಅವನ್ನು ವಶಪಡಿಸಿಕೊಂಡಿತು. ಹೀಗೆ ಬಂದ 14 ನೌಕೆಗಳಿಗೆ ಪ್ರಾಣಿಗಳ ಹೆಸರಿಡಲಾಯಿತು. ಅವುಗಳಲ್ಲೊಂದಾದ ‘ರಕೂನ್’, 1942ರ ಸೆಪ್ಟೆಂಬರ್ 7ರಂದು ಸೇಂಟ್ ಲಾರೆನ್ಸ್ ಕೊಲ್ಲಿ ಪ್ರದೇಶದಲ್ಲಿ ಯು-165ರ ದಾಳಿಗೆ ಸಿಕ್ಕಿ, ಅದರಲ್ಲಿದ್ದ 37 ಮಂದಿಯೂ ಸತ್ತರು. ಒಬ್ಬರೂ ಉಳಿಯಲಿಲ್ಲ.

ಲೇಖನ ಈ ನೌಕೆಗಳನ್ನು ಮಾಲೀಕರು ದೇಶಕ್ಕೆ ‘ದಾನ’ ಮಾಡಿದರೆಂದು ಸಾರಾಸಗಟಾಗಿ ಹೇಳಿದ್ದಕ್ಕೂ ನನ್ನ ಆಕ್ಷೇಪವಿದೆ. ಕೆಲವರು ನಾಮಮಾತ್ರದ ಬಾಡಿಗೆಗೆ ಕೊಟ್ಟದ್ದು ನಿಜ. ಅನೇಕ ನೌಕೆಗಳನ್ನು ಮಾತ್ರ ನೌಕಾಪಡೆ ಹಣ ತೆತ್ತು ಕೊಂಡಿತು. ಕೊಟ್ಟವರ ಔದಾರ್ಯವನ್ನು ಕಡಿಮೆಯೆಂದು ಎಣಿಸುವ ಉದ್ದೇಶ ನನಗಿಲ್ಲ. ಆದರೆ ಆ ತೆಳುಮೈಯ ನೌಕೆಗಳಲ್ಲಿ ಚಳಿಗಾಲದ ಅಟ್ಲಾಂಟಿಕ್‌ಗೆ ಇಳಿದ ತರುಣರ ಬಗ್ಗೆ ಒಂದು ಸಾಲೂ ಇಲ್ಲದೆ ಔದಾರ್ಯದ ಬಗ್ಗೆ ಅರ್ಧ ಪುಟ ಬರೆಯುವುದು ಸರಿಯೆನಿಸುವುದಿಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಇಂತಹ ನೌಕೆಯ ಚಿತ್ರವನ್ನು ಇನ್ನು ಮುಂದೆ ಪ್ರಕಟಿಸುವಾಗ ಅಡಿಬರಹದಲ್ಲಿ ಮಾಲೀಕರಿಟ್ಟ ಹೆಸರಿನ ಜೊತೆಗೆ ನೌಕಾಪಡೆ ಕೊಟ್ಟ ಹೆಸರನ್ನೂ, ಅದು ಮುಳುಗಿದ್ದರೆ ಎಂದು, ಎಲ್ಲಿ, ಎಷ್ಟು ಜನರೊಂದಿಗೆ ಎಂಬುದನ್ನೂ ದಯವಿಟ್ಟು ನಮೂದಿಸಬೇಕು. ಸ್ಥಳಾವಕಾಶ ದೊರೆತರೆ, ಲೇಖನದಲ್ಲಿ ಚಿತ್ರಸಹಿತ ಬಂದ ‘ಆಲ್ವಾ’ಕ್ಕೆ ಸಂಬಂಧಿಸಿದಂತೆ 1943ರ ಆಗಸ್ಟ್ 5ರ ವಿವರವನ್ನು ಪೂರಕ ಟಿಪ್ಪಣಿಯಾಗಿ ಮುಂದಿನ ಸಂಚಿಕೆಯಲ್ಲಿ ಸೇರಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನೌಕಾ ಇತಿಹಾಸದ ಓದುಗ