ವೀಸಾ ಶುಲ್ಕವನ್ನು ಇನ್ನು ನೀವೇ ಕಟ್ಟಬೇಕು, ದಾಖಲೆಗಳ ಪರಿಶೀಲನೆ ಅದಕ್ಕೂ ಮೊದಲು: ನಮ್ಮ ಗ್ರಾಹಕರಿಗೆ ಪತ್ರ

ಹುಬ್ಬಳ್ಳಿ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಬರುವ ಏಪ್ರಿಲ್ 1ರಿಂದ ನಮ್ಮ ಹುಬ್ಬಳ್ಳಿ ಕಚೇರಿಯಲ್ಲಾಗಲಿ ಗದಗಿನ ಶಾಖೆಯಲ್ಲಾಗಲಿ ಯಾವುದೇ ದೇಶದ ವೀಸಾ ಶುಲ್ಕವನ್ನು ನಗದು, ಚೆಕ್ಕು ಅಥವಾ ಯುಪಿಐ ಮೂಲಕ ಸ್ವೀಕರಿಸುವುದಿಲ್ಲ ಎಂಬುದನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇವೆ. ಸರ್ಕಾರಕ್ಕೆ ಸಲ್ಲಬೇಕಾದ ಹಣವನ್ನು ಅರ್ಜಿದಾರರು ಅಥವಾ ಅವರ ಮನೆಯವರು ತಮ್ಮದೇ ಖಾತೆಯಿಂದ, ಆಯಾ ದೇಶದ ಅಧಿಕೃತ ಜಾಲತಾಣದಲ್ಲಿ ನೇರವಾಗಿ ಕಟ್ಟಬೇಕು. ಕಟ್ಟುವಾಗ ಪಕ್ಕದಲ್ಲಿ ಕುಳಿತು ನೆರವಾಗುವುದಷ್ಟೇ ನಮ್ಮ ಕೆಲಸ. ಎರಡನೆಯ ಬದಲಾವಣೆಯೂ ಇದೆ. ಜನನ, ವಿವಾಹ, ಮರಣ ಮತ್ತು ಪೊಲೀಸ್ ಪ್ರಮಾಣಪತ್ರಗಳನ್ನು ನಾವು ಮೊದಲು ಪರಿಶೀಲಿಸಿ, ಏನು ಇದೆ, ಏನು ಇಲ್ಲ, ಯಾವುದರಲ್ಲಿ ಹೆಸರು ಅಥವಾ ತಾರೀಖು ತಾಳೆಯಾಗುತ್ತಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಕೊಡುತ್ತೇವೆ. ಅದಾಗುವವರೆಗೆ ಯಾವ ಹೊಸ ಕಡತವನ್ನೂ ಶುಲ್ಕ ಕಟ್ಟುವ ಹಂತಕ್ಕೆ ಒಯ್ಯುವುದಿಲ್ಲ.

ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು, ಅಮೆರಿಕದ ಪೌರತ್ವ ಪಡೆದ ಮಕ್ಕಳು ಕರೆಸಿಕೊಳ್ಳುತ್ತಿರುವ ತಂದೆತಾಯಿಗಳು. ಆದ್ದರಿಂದ ಅವರ ಕಡತವನ್ನೇ ಇಟ್ಟುಕೊಂಡು ಶುಲ್ಕದ ಲೆಕ್ಕ ಹೇಳುತ್ತೇವೆ. ಮಗ ಅಥವಾ ಮಗಳು ಅಲ್ಲಿಯ ವಲಸೆ ಇಲಾಖೆಗೆ ಐ-130 ಎಂಬ ಅರ್ಜಿಯನ್ನು ತಂದೆಗೊಂದು, ತಾಯಿಗೊಂದು ಪ್ರತ್ಯೇಕವಾಗಿ ಸಲ್ಲಿಸಬೇಕಾಗುತ್ತದೆ. 2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರದಂತೆ ಆನ್‌ಲೈನಿನಲ್ಲಿ ಸಲ್ಲಿಸಿದರೆ ಪ್ರತಿ ಅರ್ಜಿಗೆ 625 ಡಾಲರ್, ಕಾಗದದಲ್ಲಿ ಸಲ್ಲಿಸಿದರೆ 675 ಡಾಲರ್. ಅರ್ಜಿ ಮಂಜೂರಾದ ಮೇಲೆ ಕಡತವು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೋರ್ಟ್ಸ್‌ಮತ್ ಊರಿನಲ್ಲಿರುವ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ವೀಸಾ ಅರ್ಜಿಗೆ 325 ಡಾಲರ್, ಮಕ್ಕಳು ಕೊಡುವ ಪೋಷಣೆಯ ಹೊಣೆಪತ್ರದ ಪರಿಶೀಲನೆಗೆ 120 ಡಾಲರ್ ಕಟ್ಟಬೇಕು. ಇವೆರಡನ್ನೂ ಅಮೆರಿಕದ ಬ್ಯಾಂಕಿನ ಖಾತೆಯಿಂದ ಮಾತ್ರ ಕಟ್ಟಲು ಬರುತ್ತದೆ. ವೀಸಾ ಕೈಗೆ ಬಂದ ಮೇಲೂ 235 ಡಾಲರಿನ ಇನ್ನೊಂದು ಶುಲ್ಕ ಉಳಿದಿರುತ್ತದೆ, ಅದು ಸಂದಾಯವಾಗದೆ ಗ್ರೀನ್ ಕಾರ್ಡ್ ಮುದ್ರಣವಾಗುವುದಿಲ್ಲ. ಇದರಲ್ಲಿ ಯಾವುದೂ ಹುಬ್ಬಳ್ಳಿಯ ಕಚೇರಿಯೊಂದರ ಮೇಜಿನ ಮೇಲೆ ಎಣಿಸಿಡಬೇಕಾದ ಹಣವಲ್ಲ. ಅಲ್ಲಿರುವ ಮಕ್ಕಳೇ ತಮ್ಮ ಖಾತೆಯಿಂದ ಕಟ್ಟಿ ರಸೀದಿಯನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳುವುದು ಸರಿಯಾದ ದಾರಿ.

ಇದುವರೆಗೆ ನಾವು ರೂಪಾಯಿಯಲ್ಲಿ ಮುಂಗಡ ಪಡೆದು ಕಟ್ಟಿಕೊಡುತ್ತಿದ್ದದ್ದು ಪ್ರವಾಸಿ ವೀಸಾದಂತಹ ತಾತ್ಕಾಲಿಕ ವೀಸಾಗಳ ಶುಲ್ಕವನ್ನು. ಅಮೆರಿಕದ ಪ್ರವಾಸಿ ವೀಸಾಕ್ಕೆ 160 ಡಾಲರ್ ಇದ್ದ ಶುಲ್ಕ 2023ರ ಜೂನ್ 17ರಿಂದ 185 ಆಯಿತು. 2025ರ ಜುಲೈನಲ್ಲಿ ಅಲ್ಲಿ ಆದ ಕಾನೂನು ಇಂತಹ ವೀಸಾಗಳ ಮೇಲೆ 250 ಡಾಲರಿನ ಮತ್ತೊಂದು ಶುಲ್ಕಕ್ಕೆ ಅವಕಾಶ ಮಾಡಿಕೊಟ್ಟಿದೆ. ಡಾಲರಿಗೆ ಎಷ್ಟು ರೂಪಾಯಿ ಎಂಬ ಲೆಕ್ಕವೂ ಒಂದೇ ಕಡೆ ನಿಲ್ಲುವುದಿಲ್ಲ. ಕಟ್ಟಿದ ಶುಲ್ಕವು ವೀಸಾ ನಿರಾಕರಣೆಯಾದರೂ ಮರಳುವುದಿಲ್ಲ. ಅದರ ರಸೀದಿ ಒಂದು ವರ್ಷದೊಳಗೆ ಸಂದರ್ಶನದ ದಿನ ಗೊತ್ತುಮಾಡಿಕೊಳ್ಳಲು ಮಾತ್ರ ಉಪಯೋಗಕ್ಕೆ ಬರುತ್ತದೆ. ಹೀಗಿರುವಾಗ ಸರ್ಕಾರದ ಶುಲ್ಕ, ಭಾಷಾಂತರದ ಖರ್ಚು, ಏಜೆಂಟರ ಸೇವೆ ಇವೆಲ್ಲವನ್ನೂ ಒಟ್ಟುಗೂಡಿಸಿ ‘ಪ್ಯಾಕೇಜ್’ ಎಂದು ಒಂದೇ ಮೊತ್ತ ಹೇಳುವ ಪದ್ಧತಿ ನಮ್ಮ ವೃತ್ತಿಯಲ್ಲಿ ಬೆಳೆದಿರುವುದು ನಮಗೆ ಒಳ್ಳೆಯದಾಗಿ ಕಾಣುವುದಿಲ್ಲ. ಯಾವ ಹಣ ಯಾರಿಗೆ ಸಂದಿತು ಎಂಬುದು ಗ್ರಾಹಕರಿಗೆ ತಿಳಿಯದೇ ಹೋಗುತ್ತದೆ, ಮತ್ತು ವೀಸಾ ಸಿಗದಿದ್ದಾಗ ಮರಳಿ ಕೊಡಲಾಗದ ಹಣಕ್ಕಾಗಿ ಎರಡೂ ಕಡೆ ಮನಸ್ಸು ಕೆಡುತ್ತದೆ.

ಶುಲ್ಕಕ್ಕಿಂತ ಹೆಚ್ಚು ಕಾಲ ಹಿಡಿಯುವುದು ದಾಖಲೆಗಳು, ಅದರಲ್ಲೂ ಜನನ ಪ್ರಮಾಣಪತ್ರ. ಜನನ ಮರಣ ನೋಂದಣಿ ಅಧಿನಿಯಮ 1969ರದ್ದು. 1970ರ ಏಪ್ರಿಲ್ 1ಕ್ಕಿಂತ ಮೊದಲು ಹುಟ್ಟಿದವರಿಗೆ ದಾಖಲೆ ಸಿಗದೇ ಇರಬಹುದು ಎಂಬುದನ್ನು ಅಮೆರಿಕದ ವಿದೇಶಾಂಗ ಇಲಾಖೆಯೂ ಒಪ್ಪುತ್ತದೆ. ಆದರೆ ‘ಇಲ್ಲ’ ಎಂದು ನಾವು ಬಾಯಲ್ಲಿ ಹೇಳಿದರೆ ಸಾಲದು. ನೋಂದಣಾಧಿಕಾರಿಗಳಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ಪಡೆದು, ಅದರ ಜೊತೆಗೆ ಶಾಲೆಯ ದಾಖಲೆ ಮತ್ತು ಅರ್ಜಿದಾರರಿಗಿಂತ ಹಿರಿಯರಾದ ಹತ್ತಿರದ ಬಂಧುಗಳ ಅಫಿಡವಿಟ್ ಇಡಬೇಕು. ಎಪ್ಪತ್ತು ದಾಟಿದ ತಾಯಿಗೆ ಅವರಿಗಿಂತ ಹಿರಿಯರಾದ, ನೋಟರಿಯ ಮುಂದೆ ಬಂದು ಸಹಿ ಮಾಡಬಲ್ಲ ಸೋದರಮಾವನನ್ನೋ ದೊಡ್ಡಕ್ಕನನ್ನೋ ಹುಡುಕುವ ಕೆಲಸವನ್ನು ಮುಂದೂಡುತ್ತಾ ಹೋಗುವುದು ಜಾಣತನವಲ್ಲ.

ದಾಖಲೆ ಇಲ್ಲವೆಂದು ತೀರ್ಮಾನಿಸುವ ಮೊದಲು ಎಲ್ಲಿ ಹುಡುಕಿದಿರಿ ಎಂಬುದನ್ನು ನಾವು ಕೇಳುತ್ತೇವೆ. ನಮ್ಮ ಕಡೆ ಹೆರಿಗೆ, ಅದರಲ್ಲೂ ಚೊಚ್ಚಲ ಹೆರಿಗೆ, ತವರುಮನೆಯಲ್ಲಿ ಆಗುವುದು ವಾಡಿಕೆ. ತಂದೆಯ ಮನೆ ಧಾರವಾಡದ್ದೆಂದು ಮಹಾನಗರ ಪಾಲಿಕೆಯಲ್ಲಿ ಹುಡುಕಿ ಬರಿಗೈಯಲ್ಲಿ ಮರಳಿದವರ ಜನನವು ತಾಯಿಯ ತವರಾದ ರೋಣ ತಾಲೂಕಿನ ಹಳ್ಳಿಯೊಂದರ ಹೆಸರಿನಲ್ಲಿ ದಾಖಲಾಗಿರುವುದುಂಟು; ಅಂತಹ ಹಳೆಯ ಪುಸ್ತಕಗಳನ್ನು ತಹಶೀಲ್ದಾರರ ಕಚೇರಿಯಲ್ಲಿ ಕೇಳಬೇಕಾಗುತ್ತದೆ. ದಾಖಲೆ ಸಿಕ್ಕರೂ ಅದರಲ್ಲಿ ಮಗುವಿನ ಹೆಸರಿರದೆ ತಂದೆಯ ಹೆಸರಿನ ಮುಂದೆ ‘ಗಂಡು’ ಅಥವಾ ‘ಹೆಣ್ಣು’ ಎಂದಷ್ಟೇ ಇರಬಹುದು. ಹೆಸರಿಲ್ಲದ ಪ್ರತಿ ವಲಸೆಯ ಕಡತಕ್ಕೆ ಸಾಲುವುದಿಲ್ಲ. ಹೆಸರು ಸೇರಿಸಲು ಅಧಿನಿಯಮದ 14ನೇ ಕಲಮು, ತಪ್ಪು ತಿದ್ದಲು 15ನೇ ಕಲಮು ಇವೆ. ಜನನವೇ ನೋಂದಣಿಯಾಗಿರದಿದ್ದರೆ, ಒಂದು ವರ್ಷ ಮೀರಿದ ಪ್ರಕರಣಗಳಿಗೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿ ಅದೇ ವರ್ಷದ ಅಕ್ಟೋಬರ್ 1ರಂದು ಜಾರಿಗೆ ಬಂದ ಮೇಲೆ ಈ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಯಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಕಡೆಗೆ ಬಂದಿದೆ. ಆದರೂ ಐವತ್ತು ವರ್ಷದ ಬಳಿಕ ಮಾಡಿಸಿದ ನೋಂದಣಿಯೊಂದನ್ನೇ ನೆಚ್ಚಿಕೊಂಡು ಕೂಡಬಾರದು. ಅದರ ಬೆನ್ನಿಗೆ ಹಳೆಯ ಶಾಲಾ ದಾಖಲೆಯನ್ನು ಇಡಬೇಕೆಂಬುದೇ ನಮ್ಮ ಸಲಹೆ.

ಶಾಲಾ ದಾಖಲೆಯಲ್ಲಿಯೂ ತೊಡಕಿದೆ. ಹೆಸರು ಹಚ್ಚುವಾಗ ಗುರುಗಳು ಬರೆದುಕೊಂಡ ಜೂನ್ 1 ಎಂಬ ಜನ್ಮದಿನ ನಮ್ಮ ಹಿರಿಯರಲ್ಲಿ ಎಷ್ಟು ಜನರಿಗಿದೆ ಎಂಬುದು ನಿಮಗೂ ಗೊತ್ತು. ಪಾಸ್‌ಪೋರ್ಟು ಆ ತಾರೀಖನ್ನೇ ಹಿಡಿದಿದ್ದು, ಜನನ ದಾಖಲೆ ಬೇರೆ ತಾರೀಖು ಹೇಳಿದರೆ ಅರ್ಜಿ ಸಲ್ಲಿಸುವ ಮೊದಲೇ ಯಾವುದನ್ನು ತಿದ್ದಿಸಬೇಕೆಂದು ನಿರ್ಧರಿಸಬೇಕು. ಮದುವೆಯಲ್ಲಿ ಹೊಸ ಹೆಸರು ಇಟ್ಟುಕೊಂಡ ಹೆಣ್ಣುಮಕ್ಕಳ ಜನನ ದಾಖಲೆಯಲ್ಲಿ ತವರಿನ ಹೆಸರು, ಮಕ್ಕಳ ಜನನ ಪತ್ರದಲ್ಲಿ ಗಂಡನ ಮನೆಯ ಹೆಸರು ಇರುತ್ತದೆ. ಎರಡೂ ಒಬ್ಬರೇ ಎಂಬುದಕ್ಕೆ ಆಧಾರ ಒದಗಿಸಬೇಕಾಗುತ್ತದೆ. ಊರಿನ ವಿಷಯ ಅಷ್ಟು ಗಾಬರಿಪಡುವಂಥದ್ದಲ್ಲ. ಗದಗ ಮತ್ತು ಹಾವೇರಿ 1997ರಲ್ಲಿ ಪ್ರತ್ಯೇಕ ಜಿಲ್ಲೆಗಳಾದವು, ಅದಕ್ಕೂ ಹಿಂದಿನ ಪತ್ರಗಳಲ್ಲಿ ‘ಧಾರವಾಡ ಜಿಲ್ಲೆ’ ಎಂದೇ ಇರುತ್ತದೆ. 1956ಕ್ಕೆ ಮುಂಚಿನವುಗಳಲ್ಲಿ ಮುಂಬಯಿ ಪ್ರಾಂತ, 1973ಕ್ಕೆ ಮುಂಚಿನವುಗಳಲ್ಲಿ ಮೈಸೂರು ರಾಜ್ಯ ಎಂದಿರುತ್ತದೆ. ಇಂಗ್ಲಿಷಿನಲ್ಲಿ ‘ಹುಬ್ಳಿ’ ಎಂದಿದ್ದದ್ದು 2014ರ ನವೆಂಬರ್ 1ರಿಂದ ‘ಹುಬ್ಬಳ್ಳಿ’ ಆಗಿದೆ. ಇವನ್ನು ತಿದ್ದಿಸಲು ಯಾರಿಗೂ ಹಣ ಕೊಡಬೇಡಿ. ಭಾಷಾಂತರದ ಜೊತೆ ಒಂದು ಸಣ್ಣ ವಿವರಣೆ ಇಟ್ಟರೆ ಸಾಕೆಂದು ನಾವು ಭಾವಿಸುತ್ತೇವೆ.

ವಿವಾಹ ಪ್ರಮಾಣಪತ್ರವನ್ನು 1955ರ ಹಿಂದೂ ವಿವಾಹ ಅಧಿನಿಯಮದಡಿ ಮದುವೆಯಾಗಿ ಎಷ್ಟೋ ವರ್ಷ ಕಳೆದ ಮೇಲೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮಾಡಿಸಬಹುದು. ಲಗ್ನಪತ್ರಿಕೆಯನ್ನು ಜೋಪಾನವಾಗಿ ಇಟ್ಟವರಿಗೆ ಈ ಕೆಲಸ ಸುಲಭ. ಪತಿ ಅಥವಾ ಪತ್ನಿ ತೀರಿಕೊಂಡಿದ್ದರೆ ಅವರ ಮರಣ ಪ್ರಮಾಣಪತ್ರವೂ ಬೇಕು.

ಪೊಲೀಸ್ ಪ್ರಮಾಣಪತ್ರವನ್ನು ಮಾತ್ರ ಅವಸರಪಟ್ಟು ತೆಗೆಸಬೇಡಿ. ಇದನ್ನು ಠಾಣೆಯಿಂದಲ್ಲ, ಪಾಸ್‌ಪೋರ್ಟ್ ಸೇವೆಯ ಮೂಲಕ 500 ರೂಪಾಯಿ ಕಟ್ಟಿ ಪಡೆಯಬೇಕು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿಯೇ ಆಗುತ್ತದೆ. ಅಮೆರಿಕದ ವಲಸೆ ವೀಸಾಕ್ಕೆ ಅದು ಎರಡು ವರ್ಷ ಮಾತ್ರ ನಡೆಯುವುದರಿಂದ ಕಡೆಯಲ್ಲಿ ತೆಗೆಸುವುದು ಲೇಸು. ದುಬೈ, ಮಸ್ಕತ್ ಮೊದಲಾದ ಕಡೆ ಹನ್ನೆರಡು ತಿಂಗಳು ಅಥವಾ ಹೆಚ್ಚು ಕಾಲ ದುಡಿದು ಬಂದವರು ಅಲ್ಲಿಯ ಪೊಲೀಸ್ ಪ್ರಮಾಣಪತ್ರವನ್ನೂ ತರಿಸಬೇಕಾಗುತ್ತದೆ, ಅದಕ್ಕೆ ಸಮಯ ಬೇಕು, ಮೊದಲೇ ತಿಳಿಸಿ.

ಕನ್ನಡದಲ್ಲಿರುವ ದಾಖಲೆಗಳಿಗೆ, ಭಾಷಾಂತರಕಾರರು ತಮ್ಮ ಅರ್ಹತೆಯನ್ನೂ ಅನುವಾದದ ನಿಖರತೆಯನ್ನೂ ದೃಢೀಕರಿಸಿ ಸಹಿ ಮಾಡಿದ ಇಂಗ್ಲಿಷ್ ಪ್ರತಿಯನ್ನು ನಾವು ಒದಗಿಸುತ್ತೇವೆ. ಅಪೊಸ್ಟಿಲ್ ಮುದ್ರೆಯನ್ನು, ಅಂದರೆ ದಾಖಲೆ ಅಸಲಿಯೆಂದು ಹೊರದೇಶಗಳಿಗೆ ತಿಳಿಸಲು ನಮ್ಮ ವಿದೇಶಾಂಗ ಸಚಿವಾಲಯ ಹಾಕುವ ದೃಢೀಕರಣವನ್ನು, ಎಲ್ಲದಕ್ಕೂ ಮಾಡಿಸಿಕೊಡಿ ಎಂದು ಹಲವರು ಕೇಳುತ್ತಾರೆ. ಅಮೆರಿಕದ ವಲಸೆ ವೀಸಾಕ್ಕೆ ಅದು ಬೇಕಿಲ್ಲ, ಆದ್ದರಿಂದ ಆ ಕೆಲಸಕ್ಕೆ ಹಣ ಪಡೆಯುವುದಿಲ್ಲ. ಸಂಯುಕ್ತ ಅರಬ್ ಸಂಸ್ಥಾನವು ಅಪೊಸ್ಟಿಲ್ ಒಪ್ಪಂದದಲ್ಲಿ ಇಲ್ಲದಿರುವುದರಿಂದ ಅಲ್ಲಿಗೆ ಹೋಗುವವರಿಗೆ ಅವರ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ. ಅದು ಬೇರೆಯೇ ದಾರಿ.

ಐ-130 ಅರ್ಜಿ ಅಮೆರಿಕದಲ್ಲಿ ಪರಿಶೀಲನೆಯಲ್ಲಿರುವ ತಿಂಗಳುಗಳೇ ಈ ಕಾಗದಪತ್ರಗಳನ್ನು ಕೂಡಿಸಲು ಸಿಗುವ ಕಾಲ. ವೀಸಾ ಕೇಂದ್ರದಲ್ಲಿ ಶುಲ್ಕ ಸಂದಾಯವಾದ ಮೇಲೆಯೇ ದಾಖಲೆಗಳನ್ನು ಏರಿಸಲು ಅವಕಾಶ ತೆರೆಯುತ್ತದೆ ಎಂಬುದು ನಿಜ, ಆದರೆ ಅವನ್ನು ಹುಡುಕುವ ಕೆಲಸ ಅಲ್ಲಿಯವರೆಗೆ ಕಾಯಬೇಕಿಲ್ಲ. ಕೇಂದ್ರದಿಂದ ಸೂಚನೆ ಬಂದ ಮೇಲೆ ಒಂದು ವರ್ಷ ಯಾವ ಸ್ಪಂದನೆಯೂ ಇಲ್ಲದಿದ್ದರೆ ಕಡತ ರದ್ದಾಗುವ ಅಪಾಯವಿದೆ. ಆದ್ದರಿಂದ ಈಗಾಗಲೇ ಸೂಚನೆ ಪಡೆದವರಿಗೆ ಮೇಲೆ ಹೇಳಿದ ಎರಡನೆಯ ನಿಯಮ ಅನ್ವಯಿಸುವುದಿಲ್ಲ; ಅವರ ಶುಲ್ಕ ಮತ್ತು ದಾಖಲೆಗಳ ಕೆಲಸ ಜೊತೆಯಲ್ಲಿಯೇ ಸಾಗುತ್ತದೆ.

ನಮ್ಮ ಸೇವಾ ಶುಲ್ಕದ ಮೊತ್ತದಲ್ಲಿ ಬದಲಾವಣೆಯಿಲ್ಲ. ಅದನ್ನು ಇನ್ನು ಎರಡು ಕಂತುಗಳಲ್ಲಿ ಪಡೆಯುತ್ತೇವೆ: ಅರ್ಧ ದಾಖಲೆಗಳ ಪರಿಶೀಲನಾ ವರದಿ ಕೊಟ್ಟಾಗ, ಇನ್ನರ್ಧ ಕಡತ ಪೂರ್ಣಗೊಂಡಾಗ. ಪಾಲಿಕೆ, ನಗರಸಭೆ ಅಥವಾ ತಾಲೂಕು ಕಚೇರಿಗೆ ನಮ್ಮ ಸಿಬ್ಬಂದಿ ಹೋಗಿಬರಬೇಕಾದರೆ ನಿಮ್ಮ ಅಧಿಕಾರಪತ್ರ ಬೇಕು, ಮತ್ತು ಕಚೇರಿಯ ರಸೀದಿಯಿರುವ ಖರ್ಚನ್ನು ಮಾತ್ರ ನಿಮ್ಮ ಲೆಕ್ಕಕ್ಕೆ ಹಾಕುತ್ತೇವೆ. ರಸೀದಿಯಿಲ್ಲದ ಯಾವ ಹಣವನ್ನೂ ನಾವು ಯಾರಿಗೂ ಕೊಡುವುದಿಲ್ಲ, ಅದರಿಂದ ಕೆಲಸ ನಾಲ್ಕು ದಿನ ತಡವಾದರೂ ಸರಿ.

ವೀಸಾ ಶುಲ್ಕಕ್ಕೆಂದು ಮುಂಗಡ ಕೊಟ್ಟು, ಇನ್ನೂ ಶುಲ್ಕ ಸಂದಾಯವಾಗದೇ ಇರುವವರು ಮಾರ್ಚ್ ಮುಗಿಯುವುದರೊಳಗೆ ನಮ್ಮ ರಸೀದಿಯೊಂದಿಗೆ ಬರಬೇಕು. ಪೂರ್ತಿ ಮೊತ್ತವನ್ನು ಯಾರ ಹೆಸರಿನಲ್ಲಿ ಪಡೆದಿದ್ದೆವೋ ಅವರ ಖಾತೆಗೇ ಮರಳಿಸುತ್ತೇವೆ. ಹಿರಿಯರು ಇದಕ್ಕಾಗಿ ಬಸ್ಸು ಹತ್ತಿ ಬರಬೇಕಿಲ್ಲ, ರಸೀದಿಯ ಚಿತ್ರ ಮತ್ತು ಪಾಸ್‌ಬುಕ್ಕಿನ ಮೊದಲ ಪುಟವನ್ನು ವಾಟ್ಸಾಪಿನಲ್ಲಿ ಕಳಿಸಿದರೂ ನಡೆಯುತ್ತದೆ. ದಾಖಲೆಗಳ ಪರಿಶೀಲನೆಗೆ ಬರುವಾಗ ಮೂಲ ಪ್ರತಿಗಳನ್ನು ತನ್ನಿ, ನೋಡಿ ಅಲ್ಲಿಯೇ ಮರಳಿಸುತ್ತೇವೆ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು